ಎಡಚಕ್ರದ ಒಳಪ್ಯಾಡ್ ಮಾತ್ರ ಸವೆದಿದೆ: ಮುಂದಿನ ಬ್ರೇಕ್ ಪ್ಯಾಡ್‌ಗಳನ್ನು ಮನೆಯಲ್ಲೇ ಬದಲಿಸಬಹುದೇ?

ಮೂರನೇ ಗೇರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ಎಡಗಡೆಯ ಮುಂದಿನ ಚಕ್ರದಿಂದ ಈಚೆಗೆ ಸಣ್ಣಗೆ ಕೀರಲು ಸದ್ದು ಬರುತ್ತಿದ್ದು, ಬ್ರೇಕ್ ಒತ್ತಿದಾಗ ಅದು ಬದಲಾಗುತ್ತಿತ್ತು. ಚಕ್ರ ಬಿಚ್ಚಿ ನೋಡಿದಾಗ ಎಡಗಡೆಯ ಒಳಪ್ಯಾಡ್‌ನಲ್ಲಿ ಲೈನಿಂಗ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆಗೆ, ಅಂದರೆ ಡಿಸ್ಕ್‌ಗೆ, ಉಜ್ಜಿ ಸವೆಯುವ ಪದರ) ಹೆಚ್ಚೆಂದರೆ 2 ಮಿ.ಮೀ. ಉಳಿದಿದೆ; ಅದೇ ಚಕ್ರದ ಹೊರಪ್ಯಾಡ್‌ನಲ್ಲಿ ಮಾತ್ರ 6 ಮಿ.ಮೀ. ಇದೆ. ಬಲಗಡೆಯ ಚಕ್ರದಲ್ಲಿ ಒಳಗಿನದೂ ಹೊರಗಿನದೂ ಹೆಚ್ಚುಕಡಿಮೆ ಸಮನಾಗಿ, ಸುಮಾರು 5 ಮಿ.ಮೀ.ನಷ್ಟಿವೆ. ಸವೆತ ಒಂದು ಮಿತಿಗೆ ಬಂದಾಗ ಡಿಸ್ಕ್‌ಗೆ ತಗುಲಿ ಸದ್ದು ಮಾಡಲೆಂದು ಪ್ಯಾಡಿಗೆ ಜೋಡಿಸಿರುವ ಲೋಹದ ನಾಲಗೆಯೇ ಈ ಸದ್ದಿಗೆ ಕಾರಣವೆಂದು ತಿಳಿಯಿತು.

ಜಾಕ್, ಸ್ಟ್ಯಾಂಡ್, ಸ್ಪ್ಯಾನರ್ ಸೆಟ್ ನನ್ನಲ್ಲಿವೆ. ಟಾರ್ಕ್ ರೆಂಚ್ (ಬೋಲ್ಟನ್ನು ನಿಗದಿತ ಬಲಕ್ಕೆ ಬಿಗಿಯುವ ಸ್ಪ್ಯಾನರ್) ಎರವಲು ಸಿಗುತ್ತದೆ. ಎಂಜಿನ್ ಆಯಿಲ್, ಫಿಲ್ಟರ್‌ಗಳನ್ನು ನಾನೇ ಬದಲಿಸುತ್ತೇನೆ, ಆದರೆ ಬ್ರೇಕ್‌ಗೆ ಈವರೆಗೆ ಕೈ ಹಾಕಿಲ್ಲ. ಎಡಗಡೆಯ ಪ್ಯಾಡ್‌ಗಳನ್ನಷ್ಟೇ ಬದಲಿಸಿದರೆ ಸಾಕೇ, ಡಿಸ್ಕ್ ಕೂಡ ಬದಲಿಸಬೇಕೇ, ಬ್ರೇಕ್ ಆಯಿಲ್ ತೆಗೆಯಬೇಕೇ ಎಂಬ ಮೂರು ಪ್ರಶ್ನೆಗಳಿಗೆ ತಿಳಿದವರು ಉತ್ತರಿಸಬೇಕಾಗಿ ವಿನಂತಿ.

ಗ್ರೀಸ್ ಕೈ

ನೀವು ಕೇಳಿದ ಮೂರೂ ಪ್ರಶ್ನೆಗಳಿಗೆ ಉತ್ತರವಿದೆ, ಆದರೆ ನೀವು ಕೇಳದೆ ಬಿಟ್ಟ ನಾಲ್ಕನೆಯ ಪ್ರಶ್ನೆಯೇ ಇಲ್ಲಿ ಮುಖ್ಯ: ಒಂದೇ ಚಕ್ರದ ಎರಡು ಪ್ಯಾಡ್‌ಗಳ ನಡುವೆ 4 ಮಿ.ಮೀ. ವ್ಯತ್ಯಾಸ ಏಕೆ ಬಂತು? ಅದಕ್ಕೆ ಕಾರಣ ಹುಡುಕದೆ ಹೊಸ ಪ್ಯಾಡ್ ಕೂರಿಸಿದರೆ ಹೊಸದೂ ಅದೇ ರೀತಿ ಸವೆಯುತ್ತದೆ.

ಸಾಮಾನ್ಯ ಕಾರುಗಳ ಮುಂದಿನ ಬ್ರೇಕ್‌ನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ ಇರುವುದು ಒಳಬದಿಯಲ್ಲಿ ಮಾತ್ರ. ಪೆಡಲ್ ಒತ್ತಿದಾಗ ಪಿಸ್ಟನ್ ಒಳಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆ ಒತ್ತಡದ ಪ್ರತಿಬಲದಿಂದ ಇಡೀ ಕ್ಯಾಲಿಪರ್ (ಡಿಸ್ಕನ್ನು ಎರಡೂ ಬದಿಯಿಂದ ಅಪ್ಪಿರುವ, ಪಿಸ್ಟನ್ ಕೂತಿರುವ ಭಾಗ) ಎರಡು ಸ್ಲೈಡ್ ಪಿನ್‌ಗಳ ಮೇಲೆ ಒಳಮುಖವಾಗಿ ಜಾರಿ, ಹೊರಪ್ಯಾಡನ್ನು ಇನ್ನೊಂದು ಬದಿಯಿಂದ ಎಳೆದು ಡಿಸ್ಕ್‌ಗೆ ಒತ್ತುತ್ತದೆ. ಪಿನ್‌ಗಳು ಸರಾಗವಾಗಿ ಜಾರಿದರೆ ಎರಡೂ ಪ್ಯಾಡ್‌ಗಳ ಮೇಲೆ ಸಮನಾದ ಒತ್ತಡ ಬೀಳುತ್ತದೆ. ಪಿನ್ ಬಿಗಿದುಕೊಂಡರೆ ಒಳಪ್ಯಾಡ್ ಒಂದೇ ದುಡಿಯುತ್ತದೆ, ಹೊರಗಿನದು ಜೊತೆಗಿದ್ದೂ ಇಲ್ಲದಂತೆ. ನಿಮ್ಮ ಅಳತೆಗಳು ಹೇಳುತ್ತಿರುವುದು ಬಹುಮಟ್ಟಿಗೆ ಇದನ್ನೇ.

ಎರಡನೆಯ ಸಾಧ್ಯತೆಯೂ ಇದೆ. ಪೆಡಲ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ತರುವ ಸ್ಪ್ರಿಂಗ್ ಯಾವುದೂ ಅಲ್ಲಿಲ್ಲ. ಪಿಸ್ಟನ್ ಸುತ್ತಲಿನ ಚೌಕ ಅಂಚಿನ ರಬ್ಬರ್ ಸೀಲ್ ಒತ್ತುವಾಗ ಸ್ವಲ್ಪ ತಿರುಚಿಕೊಂಡು, ಒತ್ತಡ ಇಳಿದಾಗ ತನ್ನ ಆಕಾರಕ್ಕೆ ಮರಳುತ್ತದೆ. ಆ ಮರಳುವಿಕೆಯಷ್ಟೇ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆಳೆಯುತ್ತದೆ. ಧೂಳುತಡೆಯ ಬೂಟ್ ಹರಿದು ಪಿಸ್ಟನ್ನಿಗೆ ತುಕ್ಕು ಹಿಡಿದಿದ್ದರೆ ಅದು ಹಿಂದೆ ಸರಿಯದೆ ಒಳಪ್ಯಾಡನ್ನು ಡಿಸ್ಕ್‌ಗೆ ಉಜ್ಜುತ್ತಲೇ ಇರುತ್ತದೆ. ಆಗಲೂ ಒಳಪ್ಯಾಡೇ ಬೇಗ ಸವೆಯುತ್ತದೆ. ಈ ಎರಡರಲ್ಲಿ ಯಾವುದು ಎಂಬುದು ಬಿಚ್ಚಿದ ಮೇಲೆ ಗೊತ್ತಾಗುತ್ತದೆ: ಪಿನ್‌ಗಳು ಕೈಬೆರಳಿನ ಬಲಕ್ಕೆ ಒಳಹೊರಗೆ ಜಾರಬೇಕು, ಪಿಸ್ಟನ್ ಸಿ-ಕ್ಲಾಂಪ್‌ನ (ತಿರುಪು ತಿರುಗಿಸಿ ಒತ್ತುವ ಹಿಡಿಕೆ) ನಿಧಾನವಾದ ಒತ್ತಡಕ್ಕೆ ತಡೆಯಿಲ್ಲದೆ ಒಳಸರಿಯಬೇಕು.

ಹೊರಪ್ಯಾಡ್ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಒಳಸರಿದು ವಾಪಸು ಬರುತ್ತಿಲ್ಲವೆಂದು ಅನುಮಾನಿಸಬೇಕು. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು ಆಗಿದ್ದರೆ ಎರಡು ಪಿನ್‌ಗಳಲ್ಲಿ ಒಂದು ಮಾತ್ರ ಬಿಗಿದಿರಬಹುದು. ಆದುದರಿಂದ ಹಳೆಯ ಪ್ಯಾಡ್‌ಗಳನ್ನು ತೆಗೆದ ಕೂಡಲೇ ಎಸೆಯಬೇಡಿ. ಯಾವುದು ಎಲ್ಲಿತ್ತೆಂದು ಗುರುತು ಹಾಕಿ ಸಾಲಾಗಿ ಇಟ್ಟುಕೊಳ್ಳಿ.

ಇನ್ನು ನಿಮ್ಮ ಮೊದಲ ಪ್ರಶ್ನೆ. ಒಂದೇ ಬದಿ ಬದಲಿಸುವ ಮಾತೇ ಇಲ್ಲ. ಎಡಕ್ಕೂ ಬಲಕ್ಕೂ ಬೇರೆ ಬೇರೆ ಹಿಡಿತವಿದ್ದರೆ ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಮುಂದಿನ ನಾಲ್ಕು ಪ್ಯಾಡ್‌ಗಳೂ ಒಟ್ಟಿಗೆ ಹೊಸದಾಗಬೇಕು.

ನಿಧಾನವೇ ಪ್ರಧಾನ

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ, ಕೆಲಸದ ಕ್ರಮವನ್ನು ನಾನು ಬರೆಯುತ್ತೇನೆ, ಏಕೆಂದರೆ ಈ ಕೆಲಸದಲ್ಲಿ ಜೀವಕ್ಕೆ ಅಪಾಯ ಇರುವುದು ಬ್ರೇಕ್‌ನಿಂದ ಅಲ್ಲ, ಜಾಕ್‌ನಿಂದ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡ ಕೊಡಿ. ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿಕೊಳ್ಳಿ. ಎತ್ತಿದ ಮೇಲೆ ಆ ಬಲ ಹಾಕಿದರೆ ಕಾರು ಜಾಕ್‌ನಿಂದ ಜಾರಬಹುದು. ಜಾಕ್ ಎತ್ತುವುದಕ್ಕೆ ಮಾತ್ರ. ಭಾರವನ್ನು ಸ್ಟ್ಯಾಂಡ್ ಹೊರಬೇಕು, ಅದೂ ಕಾರಿನ ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಿ. ಬಿಚ್ಚಿದ ಚಕ್ರವನ್ನು ಬಾಗಿಲಿನ ಕೆಳಗಿನ ಅಂಚಿನಡಿ ಮಲಗಿಸಿಟ್ಟರೆ ಇನ್ನೊಂದು ಭದ್ರತೆ ಸಿಕ್ಕಂತಾಗುತ್ತದೆ.

ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ. ಕ್ಲಿಪ್ ಯಾವ ಕಡೆ ಮುಖ ಮಾಡಿತ್ತು, ಸ್ಪ್ರಿಂಗ್ ಎಲ್ಲಿ ಕೂತಿತ್ತು ಎಂಬ ಸಂದೇಹ ಬಂದಾಗ ಬಿಚ್ಚದೆ ಬಿಟ್ಟ ಬದಿಯೇ ಉತ್ತರ ಕೊಡುತ್ತದೆ. ಕ್ಯಾಲಿಪರ್‌ನ ಹಿಂಬದಿಯ ಬೋಲ್ಟ್‌ಗಳು ಹೊರಗೆ ಕಾಣುವಂತೆ ಸ್ಟೀರಿಂಗ್ ತಿರುಗಿಸಿದರೆ ಸ್ಪ್ಯಾನರ್‌ಗೆ ಜಾಗ ಸಿಗುತ್ತದೆ. ಪಿನ್ ಬೋಲ್ಟ್ ಬಿಚ್ಚುವಾಗ ಅದರ ಜೊತೆ ಪಿನ್ ಕೂಡ ಸುತ್ತಬಹುದು. ಪಿನ್ನಿನ ಚಪ್ಪಟೆ ಭಾಗವನ್ನು ಇನ್ನೊಂದು ತೆಳು ಸ್ಪ್ಯಾನರ್‌ನಿಂದ ಹಿಡಿದುಕೊಳ್ಳಬೇಕು. ಕೆಳಗಿನ ಬೋಲ್ಟ್ ಒಂದನ್ನೇ ತೆಗೆದು ಕ್ಯಾಲಿಪರನ್ನು ಮೇಲಕ್ಕೆ ಮಗುಚಿ ಪ್ಯಾಡ್ ಬದಲಿಸುವುದು ಅನೇಕ ಕಾರುಗಳಲ್ಲಿ ಸಾಧ್ಯ, ಆದರೆ ನಿಮ್ಮ ಸಂದರ್ಭದಲ್ಲಿ ಪಿನ್‌ಗಳ ಮೇಲೆಯೇ ಅನುಮಾನ ಇರುವುದರಿಂದ ಎರಡನ್ನೂ ಬಿಚ್ಚಿ.

ಡಿಸ್ಕ್‌ನ ಹೊರ ಅಂಚಿನಲ್ಲಿ ತುಕ್ಕಿನ ಏಣು ಎದ್ದಿದ್ದರೆ ಕ್ಯಾಲಿಪರ್ ಹೊರಬರಲು ಸತಾಯಿಸುತ್ತದೆ. ಆಗ ಬಲವಾಗಿ ಎಳೆಯದೆ, ಕ್ಯಾಲಿಪರನ್ನು ಕೈಯಿಂದ ನಿಮ್ಮ ಕಡೆಗೆ ಒತ್ತಿ ಎಳೆದರೆ ಪಿಸ್ಟನ್ ಸ್ವಲ್ಪ ಒಳಸರಿದು ಜಾಗ ಬಿಡುತ್ತದೆ. ಹೊರಬಂದ ಕ್ಯಾಲಿಪರನ್ನು ಎಂದಿಗೂ ರಬ್ಬರ್ ಹೋಸ್‌ನಿಂದ ಜೋತುಬಿಡಬಾರದು. ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗ್‌ಗೆ ಕಟ್ಟಿ ನಿಲ್ಲಿಸಿ. ಕ್ಯಾಲಿಪರ್ ಹೊರಗಿರುವಾಗ ಯಾರೂ ಬ್ರೇಕ್ ಪೆಡಲ್ ಮುಟ್ಟದಂತೆ ನೋಡಿಕೊಳ್ಳಿ, ಏಕೆಂದರೆ ತಡೆಯಲು ಎದುರಿಗೆ ಏನೂ ಇಲ್ಲದ ಪಿಸ್ಟನ್ ಸಿಲಿಂಡರಿನಿಂದ ಹೊರಗೆ ಬಂದುಬಿಡುತ್ತದೆ. ಕಾರಿನೊಳಗೆ ಮಕ್ಕಳು ಕೂತಿದ್ದರೆ ಮೊದಲು ಇಳಿಸಿ.

ಕಪ್ಪು ಧೂಳನ್ನು ಬಾಯಿಂದಾಗಲಿ ಗಾಳಿ ಪಂಪಿನಿಂದಾಗಲಿ ಊದಬೇಡಿ. ಯೂರೋಪಿನ ಒಕ್ಕೂಟದಲ್ಲಿ 2005ರಿಂದ ಕಲ್ನಾರಿನ (ಆಸ್ಬೆಸ್ಟಾಸ್) ಬಳಕೆಗೆ ನಿಷೇಧವಿದ್ದರೂ ಎಲ್ಲೆಡೆಯೂ ಹಾಗಿಲ್ಲ. ಹಳೆಯ ಪ್ಯಾಡಿನಲ್ಲಿ ಏನಿದೆಯೋ ಬಲ್ಲವರಿಲ್ಲ. ಕಲ್ನಾರಿಲ್ಲದ ಧೂಳೂ ಶ್ವಾಸಕ್ಕೆ ಒಳ್ಳೆಯದಲ್ಲ. ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆಯಾಗಿಯೇ ಒರೆಸಿ ತೆಗೆಯಿರಿ.

ಮೂರನೇ ಗೇರ್

ಇಷ್ಟು ವಿವರವಾಗಿ ಬರೆದ ಇಬ್ಬರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಪಿಸ್ಟನ್ ಒಳಗೆ ತಳ್ಳುವಾಗ ಬ್ಲೀಡರ್ ಸ್ಕ್ರೂ (ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ತಿರುಪು) ತೆರೆದು ಹಳೆಯ ಆಯಿಲ್ ಹೊರಬಿಡಬೇಕು, ಇಲ್ಲವಾದರೆ ಕೊಳೆ ಹಿಂದಕ್ಕೆ ಹೋಗಿ ಎಬಿಎಸ್ ಘಟಕ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕೆಡುತ್ತದೆ ಎಂದು ಕೆಲವರು ಹೇಳುತ್ತಾರೆ. ಅದರ ಅಗತ್ಯವೇ ಇಲ್ಲವೆಂದು ಇನ್ನು ಕೆಲವರು. ಯಾವುದು ಸರಿ?

ಹಬ್‌ಕ್ಯಾಪ್

ನಾನು ತೆರೆಯಬೇಕೆನ್ನುವ ಪಕ್ಷದವನು. ಇಡೀ ವ್ಯವಸ್ಥೆಯಲ್ಲಿ ಅತಿ ಹೆಚ್ಚು ಕಾಯುವುದು ಕ್ಯಾಲಿಪರಿನೊಳಗಿನ ಆಯಿಲ್. ಅದು ವರ್ಷಗಟ್ಟಲೆ ಅಲ್ಲೇ ನಿಂತು ಕಪ್ಪಾಗಿರುತ್ತದೆ. ಎಬಿಎಸ್ ಘಟಕದೊಳಗಿನ ವಾಲ್ವ್‌ಗಳ ದಾರಿ ಬಹಳ ಕಿರಿದು. ಸ್ಕ್ರೂಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ತುದಿಯನ್ನು ಬಾಟಲಿಯಲ್ಲಿ ಸ್ವಲ್ಪ ಆಯಿಲ್‌ನೊಳಗೆ ಮುಳುಗಿಸಿ, ಸ್ಕ್ರೂ ತೆರೆದು ಪಿಸ್ಟನ್ ತಳ್ಳಿ, ತಳ್ಳುತ್ತಿರುವಾಗಲೇ ಮುಚ್ಚಿಬಿಟ್ಟರೆ ಗಾಳಿ ಸೇರುವುದಿಲ್ಲ, ಕೊಳೆಯೂ ಹೊರಗೆ ಹೋಗುತ್ತದೆ.

ಗ್ರೀಸ್ ಕೈ

ಹಬ್‌ಕ್ಯಾಪ್ ಅವರ ತರ್ಕ ತಪ್ಪಲ್ಲ, ಆದರೆ ಮೊದಲ ಬಾರಿ ಬ್ರೇಕ್ ಬಿಚ್ಚುತ್ತಿರುವವರಿಗೆ ನಾನು ಆ ಸಲಹೆ ಕೊಡಲಾರೆ. ತುಕ್ಕು ಹಿಡಿದ ಬ್ಲೀಡರ್ ಸ್ಕ್ರೂ ಮುರಿದರೆ ಅರ್ಧ ದಿನದ ಕೆಲಸ ಕ್ಯಾಲಿಪರ್ ಬದಲಿಸುವ ಕೆಲಸವಾಗುತ್ತದೆ. ಮುಚ್ಚುವುದು ಒಂದು ಕ್ಷಣ ತಡವಾದರೆ ಗಾಳಿ ಒಳಸೇರುತ್ತದೆ. ಪೆಡಲ್ ಬಿಟ್ಟಾಗ ಆಯಿಲ್ ಅದೇ ದಾರಿಯಲ್ಲಿ ಹಿಂದಕ್ಕೆ ಬರುವಂತೆಯೇ ಈ ವ್ಯವಸ್ಥೆಯನ್ನು ರೂಪಿಸಲಾಗಿದೆ. ಪಿಸ್ಟನ್ ನಿಧಾನವಾಗಿ ತಳ್ಳಿ, ಅಷ್ಟೆ. ಆಯಿಲ್ ಹಳೆಯದೆಂಬ ಚಿಂತೆಯಿದ್ದರೆ ಪ್ಯಾಡ್ ಬದಲಿಸುವ ಮೊದಲೇ ಪೂರ್ತಿ ಆಯಿಲ್ ಬದಲಿಸಿಕೊಳ್ಳುವುದು ಸರಿಯಾದ ದಾರಿ. ಅನೇಕ ತಯಾರಕರು ಅದನ್ನು 2 ವರ್ಷಕ್ಕೊಮ್ಮೆ ಮಾಡಿಸಲು ಹೇಳುತ್ತಾರೆ. ಅದಕ್ಕೆ ಕಾರಣ ಕೊಳೆಗಿಂತ ಮುಖ್ಯವಾಗಿ ನೀರು. ಈ ದ್ರವ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿರುವಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದಿರಬೇಕೆಂಬ ನಿಯಮವಿದ್ದರೆ, ನೀರು ಸೇರಿದ ಸ್ಥಿತಿಗೆ ಆ ಮಿತಿ 155 ಡಿಗ್ರಿ ಮಾತ್ರ. ಉದ್ದನೆಯ ಇಳಿಜಾರಿನಲ್ಲಿ ಅದು ಕುದಿದು ಆವಿಯ ಗುಳ್ಳೆಗಳಾದರೆ ಪೆಡಲ್ ಸೀದಾ ನೆಲ ಮುಟ್ಟುತ್ತದೆ.

ಸ್ಕ್ರೂ ತೆರೆಯಬೇಕಾದ ಒಂದು ಸಂದರ್ಭ ಮಾತ್ರ ಇದೆ. ಪಿಸ್ಟನ್ ಎಷ್ಟು ಒತ್ತಿದರೂ ಒಳಸರಿಯುತ್ತಿಲ್ಲ, ಸ್ಕ್ರೂ ಸಡಿಲಿಸಿದ ಕೂಡಲೇ ಸಲೀಸಾಗಿ ಸರಿಯಿತು ಎಂದಾದರೆ ದೋಷ ಪಿಸ್ಟನ್ನಿನದಲ್ಲ. ರಬ್ಬರ್ ಹೋಸ್ ಒಳಗೇ ಊದಿಕೊಂಡು, ಪೆಡಲ್‌ನ ಒತ್ತಡಕ್ಕೆ ಆಯಿಲ್ ಮುಂದೆ ಬಿಟ್ಟು, ಹಿಂದಕ್ಕೆ ಬರಲು ಬಿಡದೆ ತಡೆಯುತ್ತಿದೆ. ಹೊರಗಿನಿಂದ ನೋಡಿದರೆ ಹೋಸ್ ಹೊಸದರಂತೆಯೇ ಕಾಣುತ್ತದೆ. ಆ ದೋಷಕ್ಕೆ ಪಾಪದ ಕ್ಯಾಲಿಪರನ್ನು ದೂರಿ ಬದಲಿಸುವವರು ಎಷ್ಟೋ ಮಂದಿ.

ಇನ್ನೊಂದು ಮಾತು: ತಳ್ಳುವ ಮೊದಲು ಬಾನೆಟ್ ತೆರೆದು ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬಂದು ಅದರ ಹಿಂದಿನ ಜಾಗ ತುಂಬಲು ಡಬ್ಬಿಯ ಮಟ್ಟ ಇಳಿಯುತ್ತದೆ, ಅದು ಸಹಜ. ನಡುವೆ ಯಾರಾದರೂ ತುಂಬಿಸಿದ್ದರೆ ಈಗ ಉಕ್ಕಿ ಹೊರಚೆಲ್ಲುತ್ತದೆ, ಚೆಲ್ಲಿದ್ದು ಬಣ್ಣವನ್ನು ಕಿತ್ತುಹಾಕುತ್ತದೆ. ಸಿರಿಂಜಿನಿಂದ ಸ್ವಲ್ಪ ತೆಗೆದಿಡಿ. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ.

ಹಬ್‌ಕ್ಯಾಪ್

ಮೊದಲ ಬಾರಿ ಮಾಡುವವರ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ನನ್ನ ಕಾರಿನಲ್ಲಿ ಮಾತ್ರ ನಾನು ತೆರೆಯುವವನೇ.

ನಿಧಾನವೇ ಪ್ರಧಾನ

ಗ್ರೀಸ್ ವಿಚಾರಕ್ಕೆ ಬರೋಣ, ಏಕೆಂದರೆ ಮನೆಯಲ್ಲಿ ಪ್ಯಾಡ್ ಬದಲಿಸುವವರು ಹೆಚ್ಚಾಗಿ ಎಡವುವುದು ಇಲ್ಲಿ. ಸ್ಲೈಡ್ ಪಿನ್‌ಗಳಿಗೆ ಸಿಲಿಕೋನ್ ಗ್ರೀಸ್ ಅಥವಾ ಬ್ರೇಕ್ ಪಿನ್‌ಗಳಿಗೆಂದೇ ತಯಾರಿಸಿದ ಸಿಂಥೆಟಿಕ್ ಗ್ರೀಸ್ ಮಾತ್ರ ಹಚ್ಚಬೇಕು. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್, ಎಂಜಿನ್ ಆಯಿಲ್, ಸೀಮೆಎಣ್ಣೆ, ಪೆಟ್ರೋಲ್ ಇವೆಲ್ಲ ಖನಿಜ ತೈಲದ ಸಂತತಿ. ಬ್ರೇಕ್‌ನ ರಬ್ಬರ್ ಅವನ್ನು ಹೀರಿ ಊದಿಕೊಳ್ಳುತ್ತದೆ. ಹಚ್ಚಿದ ದಿನ ಪಿನ್ ಬೆಣ್ಣೆಯಂತೆ ಜಾರುತ್ತದೆ, ಕೆಲವು ತಿಂಗಳಲ್ಲಿ ಬಿಗಿದುಕೊಳ್ಳುತ್ತದೆ.

ಗ್ರೀಸ್ ಹೆಚ್ಚಾದರೂ ತೊಂದರೆಯೇ. ಪಿನ್ ಕೂರುವ ರಂಧ್ರದ ತಳದಲ್ಲಿ ಗ್ರೀಸ್ ಮುದ್ದೆಯಾಗಿ ನಿಂತರೆ ಗಾಳಿಗೆ ಹೋಗಲು ದಾರಿಯಿಲ್ಲದೆ ಪಿನ್ ಒಳಗೆ ಹೋಗದೆ ಚಿಮ್ಮಿ ಬರುತ್ತದೆ. ಹಳೆಯದನ್ನು ಪೂರ್ತಿ ಒರೆಸಿ, ರಂಧ್ರವನ್ನೂ ಶುಚಿಮಾಡಿ, ತೆಳುವಾಗಿ ಸವರಿದರೆ ಸಾಕು. ಎರಡು ಪಿನ್‌ಗಳಲ್ಲಿ ಒಂದರ ತುದಿಗೆ ರಬ್ಬರ್ ಬುಷ್ ಇದ್ದರೆ, ಅದು ಮೇಲಿನದೋ ಕೆಳಗಿನದೋ ಎಂಬುದನ್ನು ಬಿಚ್ಚುವಾಗಲೇ ಗುರುತಿಟ್ಟುಕೊಳ್ಳಿ. ಅದಲುಬದಲಾದರೂ ಎರಡೂ ಒಳಗೆ ಹೋಗಿ ಕೂರುವುದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಪಿನ್‌ಗಳಷ್ಟೇ ಮುಖ್ಯವಾದ, ಆದರೆ ಬಹುಮಂದಿ ಮುಟ್ಟದೇ ಬಿಡುವ ಜಾಗವೆಂದರೆ ಬ್ರಾಕೆಟ್‌ನಲ್ಲಿ (ಕ್ಯಾಲಿಪರನ್ನೂ ಪ್ಯಾಡ್‌ಗಳನ್ನೂ ಹೊತ್ತ ಚೌಕಟ್ಟು) ಪ್ಯಾಡಿನ ಕಿವಿಗಳು, ಅಂದರೆ ಚಾಚಿದ ತುದಿಗಳು, ಕೂರುವ ತೋಡು. ಅಲ್ಲಿರುವ ತೆಳು ಸ್ಟೀಲ್ ಕ್ಲಿಪ್ ಕಿತ್ತು ನೋಡಿದರೆ ಅದರಡಿಯಲ್ಲಿ ತುಕ್ಕು ಪದರಪದರವಾಗಿ ಎದ್ದು ಕ್ಲಿಪ್ಪನ್ನು ಮೇಲಕ್ಕೆ ತಳ್ಳಿರುತ್ತದೆ. ಕಿವಿಗಳಿಗೆ ಇದ್ದ ಸಡಿಲ ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ. ವೈರ್ ಬ್ರಷ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಹೊಸ ಕ್ಲಿಪ್ ಕೂರಿಸಿ. ಹೊಸ ಪ್ಯಾಡ್ ಅಲ್ಲಿ ಕೈಬೆರಳ ಒತ್ತಡಕ್ಕೆ ಜಾರಬೇಕು. ಸುತ್ತಿಗೆಯಿಂದ ಬಡಿದು ಕೂರಿಸಬೇಕಾಗಿ ಬಂದರೆ ಉಜ್ಜುವುದು ಇನ್ನೂ ಮುಗಿದಿಲ್ಲ. ಪ್ಯಾಡಿನ ಲೈನಿಂಗಿಗೂ ಡಿಸ್ಕ್‌ಗೂ ಗ್ರೀಸ್ ಸೋಕಿದ ಕೈ ತಾಗಿಸಬೇಡಿ.

ಟಾರ್ಕ್ ರೆಂಚ್

ಪ್ಯಾಡ್ ಕೊಳ್ಳುವ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಎರಡು ಮಾತು. ಪ್ಯಾಡಿನ ಅಂಚಿನಲ್ಲೋ ಹಿಂಬದಿಯ ಉಕ್ಕಿನ ಪಟ್ಟಿಯ ಮೇಲೋ ಎಫ್‌ಎಫ್, ಜಿಎಫ್ ಎಂಬಂಥ ಜೋಡಿ ಅಕ್ಷರಗಳು ಅಚ್ಚಾಗಿದ್ದರೆ ಅದು ಹಿಡಿತವನ್ನು ಅಕ್ಷರಗಳಲ್ಲಿ ಸೂಚಿಸುವ ಎಸ್‌ಎಇ ಜೆ866 ಪದ್ಧತಿಯ ಗುರುತು. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿನ ಘರ್ಷಣಾಂಕ, ಎರಡನೆಯದು ಹೆಚ್ಚು ಕಾದಾಗಿನದು. ಇ ಎಂದರೆ 0.25ರಿಂದ 0.35, ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲಿನದಕ್ಕಿಂತ ಕೆಳಗಿನದಾಗಿದ್ದರೆ ಕಾದಾಗ ಹಿಡಿತ ತಗ್ಗುತ್ತದೆಂದು ಅರ್ಥ. ಇದು ಗುಣಮಟ್ಟದ ಮುದ್ರೆಯಲ್ಲ, ಹಿಡಿತದ ಅಂದಾಜು ಮಾತ್ರ. ಇದಲ್ಲದೆ, ವೃತ್ತದೊಳಗಿನ ಇ ಅಕ್ಷರದ ಜೊತೆಗೆ ಆರ್90 (ಬದಲಿ ಪ್ಯಾಡ್‌ಗಳಿಗಿರುವ ವಿಶ್ವಸಂಸ್ಥೆಯ ನಿಯಮದ ಗುರುತು) ಎಂದಿದ್ದರೆ, ಆ ಪ್ಯಾಡ್ ಮೂಲ ಪ್ಯಾಡಿನ ಕಾರ್ಯಕ್ಷಮತೆಯಿಂದ ಶೇ. 15ಕ್ಕಿಂತ ಹೆಚ್ಚು ಆಚೀಚೆ ಹೋಗದೆಂದು ಪರೀಕ್ಷೆಯಾಗಿರುತ್ತದೆ.

ಸೆಮಿ ಮೆಟಾಲಿಕ್ ಪ್ಯಾಡ್‌ಗಳು ಶಾಖವನ್ನು ಚೆನ್ನಾಗಿ ತಡೆದರೂ ಧೂಳು, ಸದ್ದು ಹೆಚ್ಚು. ಸೆರಾಮಿಕ್ ಪ್ಯಾಡ್‌ಗಳು ಶಾಂತ, ಧೂಳು ಕಡಿಮೆ, ಬೆಲೆ ಹೆಚ್ಚು. ದಿನಬಳಕೆಯ ಕಾರಿಗೆ ತಯಾರಕರು ಮೊದಲು ಕೊಟ್ಟ ಬಗೆಯನ್ನೇ ಮುಂದುವರಿಸುವುದು ನನ್ನ ಅಭಿಪ್ರಾಯ. ಹೆಚ್ಚು ಹಿಡಿತದ ಪ್ಯಾಡನ್ನು ಮುಂದೆ ಮಾತ್ರ ಹಾಕಿದರೆ ಮುಂದೆ ಹಿಂದೆ ಚಕ್ರಗಳ ನಡುವೆ ಲೆಕ್ಕಹಾಕಿ ಹಂಚಿದ ಬ್ರೇಕ್ ಬಲದ ಸಮತೋಲ ತಪ್ಪುತ್ತದೆ.

ಡಿಸ್ಕ್ ಬದಲಿಸಬೇಕೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಇರುತ್ತದೆ. ಅಂಚಿನಲ್ಲೋ ನಡುವಿನ ಟೊಪ್ಪಿಗೆಯ ಮೇಲೋ ಕನಿಷ್ಠ ದಪ್ಪವನ್ನು ಅಚ್ಚು ಹಾಕಿರುತ್ತಾರೆ. ಅಂಚಿನ ಏಣು ಸವೆಯದ ಭಾಗವಾದ್ದರಿಂದ ಸಾದಾ ವರ್ನಿಯರ್ ಅಳತೆಗೋಲು ಅದರ ಮೇಲೆಯೇ ಕೂತು ಸುಳ್ಳು ಹೇಳುತ್ತದೆ. ಮೈಕ್ರೋಮೀಟರಿನಿಂದ ಪ್ಯಾಡ್ ಉಜ್ಜುವ ಜಾಗದಲ್ಲಿ ಸುತ್ತಲೂ ಹಲವೆಡೆ ಅಳೆಯಬೇಕು.

ಮೂರನೇ ಗೇರ್

ಕೆಲಸ ಮುಗಿಯಿತು, ಕಂಡದ್ದನ್ನು ವರದಿ ಮಾಡುತ್ತಿದ್ದೇನೆ. ಗ್ರೀಸ್ ಕೈ ಅವರ ಊಹೆ ಸರಿಯಾಗಿತ್ತು. ಎಡಗಡೆಯ ಮೇಲಿನ ಪಿನ್ ಕೈಗೆ ಸಲೀಸಾಗಿ ಬಂತು, ಕೆಳಗಿನದು ಅಲುಗಲೇ ಇಲ್ಲ. ಸ್ಪ್ಯಾನರ್‌ನಿಂದ ಹಿಡಿದು ಅತ್ತಿತ್ತ ತಿರುಗಿಸುತ್ತಾ ಎಳೆದ ಮೇಲೆ ಹೊರಬಂದಾಗ ಅದರ ತುದಿಯ ರಬ್ಬರ್ ಬುಷ್ ಅಣಬೆಯ ತಲೆಯ ಹಾಗೆ ಉಬ್ಬಿತ್ತು, ಅದರ ಮೇಲೆ ಕಂದು ಬಣ್ಣದ ಅಂಟು ಗ್ರೀಸ್ ಮೆತ್ತಿತ್ತು. ಹಿಂದೆ ಸರ್ವಿಸ್ ಮಾಡಿದವರು ಸಾಮಾನ್ಯ ಗ್ರೀಸ್ ಹಚ್ಚಿದ್ದರೆಂದು ತೋರುತ್ತದೆ. ಪಿಸ್ಟನ್ ಬೂಟ್ ಎಲ್ಲೂ ಹರಿದಿಲ್ಲ. ಹಳೆಯ ಪ್ಯಾಡನ್ನು ಅಡ್ಡವಿಟ್ಟು ಸಿ-ಕ್ಲಾಂಪ್ ತಿರುಗಿಸಿದಾಗ ಪಿಸ್ಟನ್ ತಡೆಯಿಲ್ಲದೆ ಒಳಗೆ ಹೋಯಿತು. ಡಬ್ಬಿಯಿಂದ ಸ್ವಲ್ಪ ಆಯಿಲ್ ಮೊದಲೇ ತೆಗೆದಿಟ್ಟಿದ್ದರಿಂದ ಉಕ್ಕಲಿಲ್ಲ.

ಎರಡೂ ಬದಿಗೆ ಹೊಸ ಪಿನ್, ಬುಷ್, ಬೂಟ್‌ಗಳ ಕಿಟ್ ತರಿಸಿ ಹಾಕಿದೆ. ಡಿಸ್ಕ್ ಮೇಲೆ ಕನಿಷ್ಠ 20 ಮಿ.ಮೀ. ಎಂದಿದೆ, ಅಳೆದಾಗ ಎಡಕ್ಕೂ ಬಲಕ್ಕೂ 21 ಮಿ.ಮೀ.ಗಿಂತ ಹೆಚ್ಚೇ ಬಂತು, ಆಳವಾದ ಗೀರುಗಳಿಲ್ಲ, ಹಾಗಾಗಿ ಉಳಿಸಿಕೊಂಡಿದ್ದೇನೆ. ಚಕ್ರ ಕೂರಿಸಿದ್ದೇನೆ, ಕಾರನ್ನು ಇನ್ನೂ ಕದಲಿಸಿಲ್ಲ. ಪ್ಯಾಡ್ ಹೊಂದಿಸಿಕೊಳ್ಳಲು ಯಾವ ರೀತಿ ಓಡಿಸಬೇಕು?

ಗ್ರೀಸ್ ಕೈ

ಕದಲಿಸದೆ ಕೇಳಿದ್ದು ಒಳ್ಳೆಯದಾಯಿತು. ಈಗ ಪಿಸ್ಟನ್ ಪೂರ್ತಿ ಒಳಗಿದೆ, ಅದಕ್ಕೂ ಪ್ಯಾಡಿಗೂ ನಡುವೆ ಬೇಕಾದಷ್ಟು ಸಂದಿಯಿದೆ. ಮೊದಲ ಸಲ ಪೆಡಲ್ ಒತ್ತಿದಾಗ ಅದು ನೆಲದವರೆಗೆ ಹೋಗುತ್ತದೆ, ಬ್ರೇಕ್ ಇರುವುದೇ ಇಲ್ಲ. ಕಾರು ನಿಂತಲ್ಲೇ ಇರುವಾಗ ಪೆಡಲನ್ನು ಅರ್ಧದಷ್ಟು, ನಿಧಾನವಾಗಿ, ಮತ್ತೆ ಮತ್ತೆ ಒತ್ತುತ್ತಾ ಹೋಗಿ. ಕಾಲಿನಡಿ ಗಟ್ಟಿಯಾಗಿ ಮೇಲೆಯೇ ನಿಲ್ಲುವವರೆಗೆ. ನಂತರ ಎಂಜಿನ್ ಚಾಲೂ ಮಾಡಿ ಇನ್ನೊಮ್ಮೆ ನೋಡಿ, ಆಯಿಲ್ ಮಟ್ಟ ಸರಿಪಡಿಸಿ, ಆಮೇಲಷ್ಟೇ ಗೇರ್ ಹಾಕಿ. ಗಟ್ಟಿಯಾದ ಪೆಡಲ್ ಸ್ವಲ್ಪ ಹೊತ್ತು ಒತ್ತಿಹಿಡಿದಾಗ ಮೆಲ್ಲನೆ ಕೆಳಗಿಳಿಯುತ್ತಿದ್ದರೆ, ಅಥವಾ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಕಾರು ಹೊರತೆಗೆಯಬೇಡಿ. ಮೊದಲನೆಯದು ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್‌ಗೆ ಒತ್ತಡ ಕೊಡುವ ಭಾಗ) ದೋಷ, ಎರಡನೆಯದು ಒಳಸೇರಿದ ಗಾಳಿ.

ಹೊಂದಿಸುವುದರ ಉದ್ದೇಶ ಪ್ಯಾಡಿನ ಮೇಲ್ಮೈಯನ್ನು ಡಿಸ್ಕ್‌ನ ಹಳೆಯ ಏರುತಗ್ಗುಗಳಿಗೆ ಒಗ್ಗಿಸುವುದು ಮತ್ತು ಲೈನಿಂಗಿನ ತೆಳು ಲೇಪವೊಂದು ಡಿಸ್ಕ್‌ನ ಸುತ್ತಲೂ ಒಂದೇ ಸಮನಾಗಿ ಕೂರುವಂತೆ ಮಾಡುವುದು. ಪ್ಯಾಡ್ ಡಬ್ಬಿಯ ಮೇಲೆ ತಯಾರಕರ ಕ್ರಮ ಇದ್ದರೆ ಅದನ್ನೇ ಅನುಸರಿಸಿ. ಇಲ್ಲದಿದ್ದರೆ, ವಾಹನಗಳಿಲ್ಲದ ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದಿಂದ 10 ಕಿ.ಮೀ.ವರೆಗೆ ಹದವಾಗಿ ಬ್ರೇಕ್ ಒತ್ತಿ ಇಳಿಸಿ, ಮತ್ತೆ ವೇಗ ಏರಿಸಿ, ನಡುನಡುವೆ ಆರಲು ಸಮಯ ಕೊಡುತ್ತಾ ಎಂಟು ಹತ್ತು ಸಲ ಮಾಡಿದರೆ ಸಾಕು. ಪೂರ್ತಿ ನಿಲ್ಲಿಸಬೇಡಿ. ಕಾದ ಡಿಸ್ಕ್ ಮೇಲೆ ಪ್ಯಾಡನ್ನು ಒತ್ತಿಹಿಡಿದು ನಿಂತರೆ ಆ ಜಾಗದಲ್ಲಿ ಮಾತ್ರ ಲೇಪ ದಪ್ಪವಾಗಿ ಅಂಟುತ್ತದೆ, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ಕಾಲಿಗೆ ನಡುಗಿದಂತೆ ಬಡಿಯುತ್ತದೆ. ಡಿಸ್ಕ್ ಬಗ್ಗಿದೆ ಎಂದು ಜನ ದೂರುವ ಎಷ್ಟೋ ಪ್ರಸಂಗಗಳಲ್ಲಿ ನಿಜವಾದ ಕಾರಣ ದಪ್ಪದಲ್ಲಿನ ಈ ವ್ಯತ್ಯಾಸವೇ. ಕೊನೆಯ ಸಲದ ನಂತರ ಬ್ರೇಕ್ ಬಳಸದೆ ಕೆಲವು ನಿಮಿಷ ಓಡಿಸಿ ಆರಿಸಿ.

ಟಾರ್ಕ್ ರೆಂಚ್

ಬೋಲ್ಟ್‌ಗಳನ್ನು ಅಳತೆಗೆ ಬಿಗಿದಿದ್ದೀರಾ? ಪಿನ್ ಬೋಲ್ಟ್ ಸಣ್ಣದು, ಹಲವು ಕಾರುಗಳಲ್ಲಿ ಅದಕ್ಕೆ 25ರಿಂದ 35 ನ್ಯೂಟನ್ ಮೀಟರ್ ಅಷ್ಟೆ. ಬ್ರಾಕೆಟ್ ಬೋಲ್ಟ್‌ಗೆ ಅದರ ಮೂರು ಪಟ್ಟು ಅಥವಾ ಇನ್ನೂ ಹೆಚ್ಚು ಬೇಕು. ಒಂದೇ ಕೈಬಲದಲ್ಲಿ ಎರಡನ್ನೂ ಬಿಗಿದರೆ ಒಂದು ತುಂಡಾಗುತ್ತದೆ, ಇಲ್ಲವೇ ಇನ್ನೊಂದು ಸಡಿಲವಾಗುತ್ತದೆ. ನಿಮ್ಮ ಕಾರಿನ ಖಚಿತ ಅಂಕಿಗಳನ್ನು ಸರ್ವಿಸ್ ಕೈಪಿಡಿಯಿಂದಲೇ ತೆಗೆದುಕೊಳ್ಳಿ.

ಮೂರನೇ ಗೇರ್

ಕೈಪಿಡಿ ನೋಡಿಯೇ ಬಿಗಿದಿದ್ದೇನೆ. ಪೆಡಲ್ ಗಟ್ಟಿಯಾಗಿ ನಿಂತಿದೆ. ಹೇಳಿದ ಕ್ರಮದಲ್ಲಿ ಓಡಿಸಿ ಬಂದೆ. ಕಾರು ಯಾವ ಬದಿಗೂ ಎಳೆಯುವುದಿಲ್ಲ, ಹಳೆಯ ಸದ್ದು ಇಲ್ಲ. ಬಲವಾಗಿ ಒತ್ತಿದಾಗ ಮಾತ್ರ ಸಣ್ಣಗೆ ಉಜ್ಜಿದ ಸದ್ದು ಕೇಳುತ್ತದೆ, ಮೊದಲ ದಿನಗಳಲ್ಲಿ ಇದು ಸಹಜವೇ?

ಗ್ರೀಸ್ ಕೈ

ಹಳೆಯ ಡಿಸ್ಕ್ ಮೇಲೆ ಹೊಸ ಪ್ಯಾಡ್ ಕೂತಾಗ ಅಂಚಿನ ಏಣಿಗೆ ತಗುಲಿಯೋ ಗೀರುಗಳ ಮೇಲೆ ಹಾದೋ ಹಾಗೆ ಕೇಳಿಸುವುದುಂಟು. ಪ್ಯಾಡ್ ಡಿಸ್ಕ್‌ಗೆ ಪೂರ್ತಿ ಒಗ್ಗುವವರೆಗೆ ಕೆಲವು ನೂರು ಕಿ.ಮೀ. ಕಾಯಬಹುದು. ಲೋಹಕ್ಕೆ ಲೋಹ ಕೆರೆಯುವ ಸದ್ದಾದರೆ ಕಾಯಬೇಡಿ, ಕ್ಲಿಪ್ ಬಾಗಿ ಡಿಸ್ಕ್‌ಗೆ ತಾಗುತ್ತಿದೆಯೇ ನೋಡಿ. ಪಿನ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಚಕ್ರ ಬಿಚ್ಚಬೇಕಿಲ್ಲ: ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಮುಂದಿನ ಚಕ್ರಗಳ ರಿಮ್ ಹತ್ತಿರ ಅಂಗೈ ಹಿಡಿದು ನೋಡಿ. ಡಿಸ್ಕ್ ಮುಟ್ಟಬೇಡಿ. ಎಡಗಡೆ ಬಲಗಡೆಗಿಂತ ಎದ್ದು ಕಾಣುವಷ್ಟು ಬಿಸಿಯಾಗಿದ್ದರೆ ಅಲ್ಲಿ ಪ್ಯಾಡ್ ಇನ್ನೂ ಉಜ್ಜುತ್ತಿದೆ. ಚಕ್ರದ ನಟ್‌ಗಳನ್ನು ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಟಾರ್ಕ್ ರೆಂಚ್‌ನಿಂದ ಪರೀಕ್ಷಿಸಿ, ಟಯರ್ ಅದಲುಬದಲು ಮಾಡಲು ಚಕ್ರ ಬಿಚ್ಚಿದಾಗ ಎಡಗಡೆಯ ಒಳ, ಹೊರ ಪ್ಯಾಡ್‌ಗಳೆರಡನ್ನೂ ಅಳೆದು ಅಂಕಿಗಳನ್ನು ಇಲ್ಲೇ ಬರೆಯಿರಿ.